ಎರಡನೆಯವರ ಗತಿ

ಶುಕ್ರವಾರ ಬೆಳಿಗ್ಗೆ ಆಯೋಗದ ಕಚೇರಿ ತೆರೆಯುವ ಮೊದಲೇ ನಾಲ್ವರೂ ಮೆಟ್ಟಿಲ ಮೇಲೆ ನಿಂತಿದ್ದರು: ವಕೀಲ ಸಾಹೇಬರು, ಕಾರ್ಖಾನೆಯ ಯಜಮಾನಿ, ಆಕೆಯ ತಮ್ಮ, ಮತ್ತು ಕಡತವನ್ನು ಎದೆಗವಚಿಕೊಂಡ ಟೈಪಿಸ್ಟಮ್ಮ. ಗುಮಾಸ್ತ ದಪ್ಪ ಪುಸ್ತಕ ಬಿಡಿಸಿ, ಗಡಿಯಾರ ನೋಡಿ, ಅವರ ಹೆಸರನ್ನು ಎರಡನೆಯ ಸಾಲಿನಲ್ಲಿ ಬರೆದ. ಮೊದಲ ಸಾಲು ಗುರುವಾರ ಮಧ್ಯಾಹ್ನವೇ ತುಂಬಿಹೋಗಿತ್ತು.

ಆಸ್ಪತ್ರೆಗಳಿಗೆ ಆಮ್ಲಜನಕ ತುಂಬಿಸಿ ಕೊಡುವ ನಾಲ್ಕು ಕಾರ್ಖಾನೆಗಳು ಆರು ವರ್ಷ ಒಳಗೊಳಗೇ ಮಾತಾಡಿಕೊಂಡು ದರ ಏರಿಸಿದ್ದವು. ಅದು ಜೈಲಿಗೆ ಕಳಿಸುವ ಅಪರಾಧ. ಆದರೆ ಅಂಥ ಕೂಟದಿಂದ ಮೊದಲು ಆಯೋಗಕ್ಕೆ ಓಡಿಬಂದು ತಪ್ಪೊಪ್ಪಿಕೊಂಡವರಿಗೆ ಪೂರ್ತಿ ಮಾಫಿ, ಎರಡನೆಯವರಿಗೆ ಮಣ್ಣು. ಆ ನಿಯಮದ ಕರಡು ಬರೆದವರು ಸಾಹೇಬರೇ, ಸರ್ಕಾರಿ ವಕೀಲರಾಗಿದ್ದ ಕಾಲದಲ್ಲಿ. ಟೈಪ್ ಮಾಡುತ್ತ ಟೈಪಿಸ್ಟಮ್ಮ, ಎರಡನೆಯವರ ಗತಿ ಏನು ಎಂದು ಕೇಳಿದ್ದಳು. ಬೇಗ ಓಡುವುದನ್ನು ಕಲಿಯಲಿ ಎಂದು ಅವರು ನಕ್ಕಿದ್ದರು. ಆಮೇಲೆ ಅವರು ಆ ನೌಕರಿ ಬಿಟ್ಟು, ಹಿಂದೆ ತಾವೇ ಅಟ್ಟಿಸಿಕೊಂಡು ಹೋಗುತ್ತಿದ್ದ ದೊಡ್ಡ ಮನುಷ್ಯರ ಪರ ವಾದಿಸತೊಡಗಿದಾಗ ಅವಳಿಗೆ ಅಸಹ್ಯವಾಗಿತ್ತು. ಆದರೂ ಬೈದುಕೊಳ್ಳುತ್ತಲೇ ಜೊತೆಗೆ ಬಂದಿದ್ದಳು. ಕಂಪನಿಗಳೊಳಗಿನ ಕಳ್ಳನನ್ನು ಪತ್ತೆ ಹಚ್ಚುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ.

ಯಜಮಾನಿ ಮಂಗಳವಾರ ತಮ್ಮನ ಕೈ ಹಿಡಿದು ಎಳೆದುಕೊಂಡೇ ಸಾಹೇಬರ ಬಳಿ ಬಂದಿದ್ದಳು. ಕೂಟದಲ್ಲಿ ಕೂತವನು ಅವನು. ಸತ್ಯ ಹೇಳಿದರೆ ಉಳಿಯುತ್ತೀಯ ಎಂದು ಮಾತು ಕೊಟ್ಟವಳು ಅವಳು. ಇನ್ನು ಆ ಜನರ ನೆರಳೂ ಸೋಕಕೂಡದು ಎಂದು ಸಾಹೇಬರು ಅವನಿಗೆ ತಾಕೀತು ಮಾಡಿ, ಮೂರು ದಿನದಲ್ಲಿ ನೂರನಲವತ್ತು ಪುಟದ ಕಡತ ಸಿದ್ಧಪಡಿಸಿದ್ದರು. ವಿಷಯ ಗೊತ್ತಿದ್ದದ್ದು ಈ ನಾಲ್ವರಿಗೆ ಮಾತ್ರ.

ಶುಕ್ರವಾರ ಮಧ್ಯಾಹ್ನ ಯಜಮಾನಿ ಸಾಹೇಬರ ಕಚೇರಿಗೆ ಮತ್ತೆ ಬಂದಳು. ತಮ್ಮನ ಫೋನಿನಲ್ಲಿ ಬುಧವಾರ ಸಂಜೆ, ಮೊದಲ ಸಾಲು ಹಿಡಿದ ಎದುರಾಳಿ ಕಾರ್ಖಾನೆಯವನ ಕರೆ ಇತ್ತು. ತಮ್ಮನ ಬಟ್ಟೆಬರೆ ಆಗಲೇ ಮನೆಯಿಂದ ಹೊರಗಿಟ್ಟು ಬಂದಿದ್ದಳು.

"ಮನೆ ಮುರಿದವರು ಯಾರು ಅಂತ ಹೇಳಿ ಸಾಹೇಬ್ರೇ. ಅವನೇ ಆಗಿದ್ರೆ ಜೈಲಿಗೆ ಹೋದ್ರೂ ನಾನು ಅವನ ಮುಖ ನೋಡಲ್ಲ."

ಟೈಪಿಸ್ಟಮ್ಮನಿಗೂ ತನ್ನ ಮೇಲೆ ಸಂಶಯ ಬಂದೀತೆಂಬ ಅಳುಕಿತ್ತು. ಮೊದಲ ಸಾಲಿನ ಪಕ್ಕದ ವಕೀಲರ ಸಹಿ ಅವಳಿಗೆ ಪರಿಚಿತ. ಎಂಟು ವರ್ಷ ಇದೇ ಸಾಹೇಬರ ಕೈಕೆಳಗೆ ಪಳಗಿದ ಶಿಷ್ಯೆಯದು ಅದು. ಬುಧವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಶಿಷ್ಯೆ ಸಿಕ್ಕಿದ್ದಳು, ಮಂಡಿನೋವಿನ ಮಾತು ಬಿಟ್ಟು ಬೇರೇನೂ ಆಡಲಿಲ್ಲ ಎಂದು ಟೈಪಿಸ್ಟಮ್ಮ ತಾನಾಗಿಯೇ ಸಾಹೇಬರಿಗೆ ಹೇಳಿದಳು. ಸಾಹೇಬರು ಅದನ್ನೂ ಕಾಗದದ ಮೇಲೆ ಗುರುತು ಹಾಕಿಕೊಂಡರು. ಇಪ್ಪತ್ತೆರಡು ವರ್ಷ ದುಡಿದದ್ದಕ್ಕೆ ಇದೇ ಬೆಲೆಯೇ ಎಂದು ಅವಳಿಗೆ ಹೊಟ್ಟೆ ಉರಿಯಿತು.

ಶನಿವಾರ ಬೆಳಿಗ್ಗೆ ಅವರು ವಿಚಾರಿಸಿದ್ದು ಎರಡೇ ಸಂಗತಿ. ಎದುರಾಳಿಗಳು ಕೊಟ್ಟ ಅರ್ಜಿ ಎಷ್ಟು ದೊಡ್ಡದು ಎಂದು ಆಯೋಗದ ಗುಮಾಸ್ತನನ್ನು ಕೇಳಿದರು. ಅರ್ಧ ಹಾಳೆ, ಬರೀ ಜಾಗ ಹಿಡಿಯುವ ಚೀಟಿ, ವಿವರ ಆಮೇಲೆ ಕೊಡುತ್ತಾರಂತೆ ಎಂದನವನು. ಕೂಟ ಸೇರುತ್ತಿದ್ದದ್ದು ಎಲ್ಲಿ ಎಂದು ತಮ್ಮನನ್ನು ಕೇಳಿದರು. ಬುಧವಾರ ಸಂಜೆ, ಮಕ್ಕಳ ಈಜುಕೊಳದ ಬೆಂಚಿನ ಮೇಲೆ. ನಾಲ್ಕೂ ಕಾರ್ಖಾನೆಯವರ ಮಕ್ಕಳು ಅಲ್ಲಿ ಈಜು ಕಲಿಯುತ್ತಿದ್ದರು. ಆರು ವರ್ಷದಲ್ಲಿ ಅವನು ಒಂದು ವಾರವೂ ತಪ್ಪಿಸಿರಲಿಲ್ಲ. ಕಾಲು ಮುರಿದಾಗ ಪ್ಲಾಸ್ಟರ್ ಹಾಕಿಕೊಂಡೇ ಕುಂಟುತ್ತ ಹೋಗಿದ್ದ. ಈ ಬುಧವಾರ ಮಾತ್ರ ಹೋಗಿರಲಿಲ್ಲ. ಮಗಳು ಈಜುಕನ್ನಡಕ ಹಾಕಿಕೊಂಡೇ ಜಗಲಿಯಲ್ಲಿ ಕೂತು ಅತ್ತಿದ್ದಳು. ಯಾಕೆ ಬರಲಿಲ್ಲ ಎಂದು ಎದುರಾಳಿ ಫೋನು ಮಾಡಿದಾಗ, ಮಗುವಿಗೆ ಜ್ವರ ಎಂದಿದ್ದ.

ಸಾಹೇಬರು ಅಂದು ಊಟ ಮಾಡಲಿಲ್ಲ. ಕಿರಿಯ ವಕೀಲರಿಗೆ ತಾವು ಹಿಂದೆ ಪಾಠ ಹೇಳುತ್ತಿದ್ದ ಟಿಪ್ಪಣಿಗಳನ್ನು ಹುಡುಕಿಸಿ ತೆಗೆಸಿಕೊಂಡರು.

ಸಂಜೆ ನಾಲ್ಕಕ್ಕೆ ಎಲ್ಲರೂ ಅವರ ಕೋಣೆಯಲ್ಲಿ ಸೇರಿದರು. ಅಕ್ಕ ಒಂದು ಮೂಲೆ, ತಮ್ಮ ಒಂದು ಮೂಲೆ. ಕರೆ ಕಳಿಸಿದ್ದಕ್ಕೆ ಶಿಷ್ಯೆಯೂ ಬಂದು ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕೂತಳು.

"ನಿನ್ನ ಕಕ್ಷಿದಾರರ ಗುಟ್ಟು ನೀನು ಹೇಳಬೇಡ," ಎಂದರು ಸಾಹೇಬರು. "ನಾನು ತಪ್ಪು ಹೇಳಿದ್ರೆ ಅಲ್ಲ ಅಂತ ತಲೆ ಆಡಿಸು, ಸಾಕು."

ಅವರು ಒಂದೊಂದಾಗಿ ಬಿಡಿಸಿಟ್ಟರು. ಕಡತವನ್ನು ಟೈಪಿಸ್ಟಮ್ಮ ಸೋರಿಸಿದ್ದರೆ, ಅದರ ನಕಲು ಕೈಯಲ್ಲಿದ್ದವರು ಅರ್ಧ ಹಾಳೆಯ ಚೀಟಿ ತರುತ್ತಿರಲಿಲ್ಲ. ಅವಳು ಬಸ್ ನಿಲ್ದಾಣದಲ್ಲಿ ಬಾಯಿಬಿಟ್ಟಿದ್ದರೆ ಬುಧವಾರ ಮಧ್ಯಾಹ್ನವೇ ಚೀಟಿ ಬೀಳುತ್ತಿತ್ತು. ತಮ್ಮ ಹೇಳಿಬಿಟ್ಟಿದ್ದರೆ, ಯಾಕೆ ಬರಲಿಲ್ಲ ಎಂದು ಕೇಳಲು ಯಾರೂ ಅವನಿಗೆ ಫೋನು ಮಾಡಬೇಕಿರಲಿಲ್ಲ. ಅಂದರೆ ಬುಧವಾರ ಸಂಜೆಯವರೆಗೆ ಎದುರಾಳಿಗೆ ಏನೂ ಗೊತ್ತಿರಲಿಲ್ಲ. ಕಾಲು ಮುರಿದರೂ ಬಂದವನು ಅಂದು ಬರಲಿಲ್ಲ. ಎದುರಾಳಿ ಗುರುವಾರ ಬೆಳಿಗ್ಗೆ ತನ್ನ ವಕೀಲೆಗೆ ಅದನ್ನು ಹೇಳಿದ.

ಟಿಪ್ಪಣಿಯ ಹಾಳೆಯನ್ನು ಅವರು ಟೈಪಿಸ್ಟಮ್ಮನ ಕೈಗಿಟ್ಟು ಓದಲು ಹೇಳಿದರು. ಅವಳೇ ಟೈಪ್ ಮಾಡಿದ್ದ ಸಾಲು ಅದು, ಶಿಷ್ಯೆ ಕಲಿತ ಪಾಠ. ಕೂಟದಲ್ಲಿ ಯಾರು ತಪ್ಪೊಪ್ಪಿಕೊಳ್ಳುತ್ತಾರೆಂದು ತಿಳಿಯಬೇಕಾದರೆ, ಯಾರು ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದರೆಂದು ನೋಡಿ.

ಶಿಷ್ಯೆ ತಲೆ ಆಡಿಸಲಿಲ್ಲ. ಗುರುವಿಗೇ ತಿರುಮಂತ್ರ ಹಾಕಿದವಳ ಕಣ್ಣು ನೆಲ ನೋಡುತ್ತಿತ್ತು.

"ಅವತ್ತು ಹೋಗಬೇಡ ಅಂತ ನಿನಗೆ ಹೇಳಿದ್ದು ಯಾರು?" ಸಾಹೇಬರು ತಮ್ಮನನ್ನು ಕೇಳಿದರು.

"ನೀವೇ, ಸಾರ್."

"ನಾನೇ. ಅರ್ಧ ಹಾಳೆ ಚೀಟಿ ನಾನೂ ಮಂಗಳವಾರವೇ ಕೊಡಬಹುದಿತ್ತು. ನನ್ನ ಕಡತ ಅಂದ್ರೆ ಎಲ್ಲರೂ ಮೂಗಿನ ಮೇಲೆ ಬೆರಳಿಡಬೇಕು ಅನ್ನೋ ಜಂಬ ನನಗೆ. ಅಮ್ಮಾ, ನಿಮ್ಮ ಮನೆ ಮುರಿದವನು ನಾನು."

ಸಾಹೇಬರು ತಮ್ಮ ತಪ್ಪನ್ನು ಬರೆದು ಸಹಿ ಮಾಡಿದ್ದ ಪತ್ರವನ್ನು ಮುಂದೆ ತಳ್ಳಿ, ಇದನ್ನು ಹಿಡಿದು ನನ್ನ ಮೇಲೆ ದೂರು ಕೊಡಿ ಎಂದರು. ಆ ಪತ್ರ ತಮ್ಮನನ್ನು ಜೈಲಿನಿಂದ ಉಳಿಸುತ್ತದೆಯೇ ಎಂದು ಯಜಮಾನಿ ಕೇಳಿದಳು. ಇಲ್ಲ ಎಂದರು. ಹಾಗಾದರೆ ನೀವೇ ಇಟ್ಟುಕೊಳ್ಳಿ ಎಂದಳು. ಟೈಪಿಸ್ಟಮ್ಮನಿಗೆ ಸಾಹೇಬರ ಮೇಲೆ ಸಿಟ್ಟು ಬಂತು, ಮರುಕವೂ ಬಂತು, ಆದರೆ ಸಿಟ್ಟೇ ಹೆಚ್ಚು. ಅಂದು ತಾನು ಕೇಳಿದ ಪ್ರಶ್ನೆಗೆ ಉತ್ತರ ಇಂದು ತಮ್ಮನ ರೂಪದಲ್ಲಿ ಎದುರಿಗೇ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿತ್ತು.

ಯಜಮಾನಿ ಎದ್ದು ಹೋಗಿ ತಮ್ಮನ ಪಕ್ಕದಲ್ಲಿ ಕೂತಳು.

"ಇನ್ಮೇಲೆ ಬುಧವಾರ ಮಗಳನ್ನ ಈಜಿಗೆ ನೀನೇ ಕರ್ಕೊಂಡು ಹೋಗ್ಬೇಕು ಅಕ್ಕ," ಎಂದ ಅವನು. "ಅಲ್ಲಿ ಅವನೂ ಬಂದಿರ್ತಾನೆ, ಮಾಫಿ ಸಿಕ್ಕಿದವನು. ಜಗಳ ಆಡಬೇಡ. ಅವನ ಮಗ, ನಮ್ಮವಳು, ಇಬ್ರೂ ಒಟ್ಟಿಗೇ ಈಜ್ತಾರೆ."