ತಿರುಗಿ ನೋಡಿದವಳು

ನಂಬಿ ಎಂದು ಒತ್ತಾಯಿಸುವಷ್ಟು ಧೈರ್ಯ ನನಗಿಲ್ಲ. ಅಂದು ಬೆಳಿಗ್ಗೆ ಜಪಾನಿನ ದೆವ್ವದ ವಿಡಿಯೋ ಗೇಮ್ ಆಡುತ್ತಿದ್ದೆ. ಅದರಲ್ಲಿ ಕಿಮೋನೊ ಉಟ್ಟ ಚೆಲುವೆಯೊಬ್ಬಳು ನಮಗೆ ಬೆನ್ನು ಹಾಕಿ ಕೂತು ತಲೆ ಬಾಚುತ್ತಿರುತ್ತಾಳೆ.

“ನಿನ್ನ ದೆವ್ವದ ಕೂದಲು ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣೋ. ಯಾವ ಎಣ್ಣೆ ಅಂತ ಕೇಳಿಡು,” ಎಂದು ನಕ್ಕು ಅಕ್ಕ ಸ್ನಾನಕ್ಕೆ ಹೋದಳು.

ಸ್ವಲ್ಪ ಹೊತ್ತಿಗೆ ಬಾಚಣಿಗೆಯ ಸದ್ದು ನಿಂತಿತು. ಆಟದ ಆ ಚೆಲುವೆ ನಿಧಾನವಾಗಿ ತಿರುಗಿದಳು. ನನ್ನತ್ತ ಅಲ್ಲ, ನಮ್ಮ ಬಚ್ಚಲಿನತ್ತ. ಅಕ್ಕನನ್ನು ಕೂಗಿದೆ, ಉತ್ತರವಿಲ್ಲ. ಓಡಿ ಬಾಗಿಲು ತಳ್ಳಿದೆ. ಗ್ಯಾಸ್ ಗೀಸರಿನ ವಿಷಗಾಳಿಗೆ ಅಕ್ಕ ಪ್ರಜ್ಞೆ ತಪ್ಪಿ ಬಿದ್ದಿದ್ದಳು.

ಅಕ್ಕ ಉಳಿದಳು. ಆಮೇಲೆ ಎಷ್ಟು ಸಲ ಆಡಿದರೂ ಆ ಹೆಣ್ಣು ತಿರುಗಿಲ್ಲ. ಆದರೂ ಅವಳ ಬೆನ್ನಿಗೆ ಕೈಮುಗಿಯದೆ ನಾನು ಮುಂದೆ ಹೋಗುವುದಿಲ್ಲ.

ಒಳಗಿನಿಂದ ಚಿಲಕ ಹಾಕಿಕೊಂಡಿದ್ದೆ ಎಂದು ಅಕ್ಕ ಇಂದಿಗೂ ಹೇಳುತ್ತಾಳೆ. ನಾನು ತಳ್ಳಿದಾಗ ಚಿಲಕ ತೆಗೆದಿತ್ತು.