ಹದಿನಾಲ್ಕು ಹಾಳೆಗಳ ಇನ್ನೊಂದು ಬದಿ

ಠಾಣೆಯ ಸಂಗತಿ ಬರೆಯುವಷ್ಟು ತಿಳಿವಳಿಕೆ ನನಗಿಲ್ಲ. ಸಂಜೆ ಕಾಲೇಜಿನಲ್ಲಿ ಕಲಿತವನು. ಠಾಣೆಯ ಎದುರಿನ ಜೆರಾಕ್ಸ್ ಅಂಗಡಿಯವನಾದ್ದರಿಂದ ಪಂಚನಾಮೆಗೆ ಸಾಕ್ಷಿಯಾಗಿ ಕರೆದರು. ಹೆಸರು ಬದಲಿಸಿದ್ದೇನೆ. ತಪ್ಪಿದ್ದರೆ ಮನ್ನಿಸಬೇಕು.

ಫೆಬ್ರವರಿ 10, ಮಂಗಳವಾರ, ಬೆಳಿಗ್ಗೆ 10.20. ಜಿಗಣಿಯ ಕಾರ್ಮಿಕರ ಸಾಹಿತ್ಯ ಬಳಗದ ಕಾರ್ಯದರ್ಶಿ ಇರಣ್ಣ ದೂರು ತಂದರು. ಇಪ್ಪತ್ತೈದು ವರ್ಷದೊಳಗಿನವರ ಕಥಾಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದ ಹಸ್ತಪ್ರತಿ ಬೀರುವಿನಿಂದ ಕಳುವಾಗಿತ್ತು. ಭಾನುವಾರದ ಸಮಾರಂಭದಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವುದು ಬಳಗದ ಪದ್ಧತಿ.

ಮುಖ್ಯಪೇದೆ ನಲ್ಲಪ್ಪ ಪೆನ್ನು ಕೆಳಗಿಟ್ಟ. "ಕತೆ ಹೋದ್ರೆ ಇನ್ನೊಂದು ಬರೀಬೋದಲ್ವಾ ಸಾರ್?"

"ನಿಮ್ಮ ಬೈಕ್ ಕಳುವಾದಾಗ ಇನ್ನೊಂದು ತಗೊಳ್ಳಿ ಅಂದ್ನಾ ನಾನು? ಎಫ್‌ಐಆರ್ ಬರೀರಿ," ಎಂದರು ಇನ್‌ಸ್ಪೆಕ್ಟರ್ ಮಂಜುಶ್ರೀ.

11.45, ಸ್ಥಳ ಪರಿಶೀಲನೆ. ಬೀಗ ಮುರಿದಿರಲಿಲ್ಲ. ತೀರ್ಪುಗಾರರಿಗಾಗಿ ಟೈಪ್ ಮಾಡಿಸಿದ ಪ್ರತಿ ಅಲ್ಲೇ ಇತ್ತು.

"ಕತೆ ಬೇಕಾದವ್ರು ಇದನ್ನೂ ಬಿಡ್ತಿರ್ಲಿಲ್ಲ. ಇವ್ರಿಗೆ ಬೇಕಾಗಿದ್ದು ಹಾಳೆ. ಎಂಥ ಹಾಳೆ ಅದು?" ಎಂದು ಮಂಜುಶ್ರೀ ಇರಣ್ಣನವರನ್ನು ಕೇಳಿದರು.

"ಫ್ಯಾಕ್ಟರಿ ರದ್ದಿ ರೀ ಮೇಡಂ. ಹಿಂದ ಅಳತಿ ಬರಿಯೋ ಫಾರ್ಮ್ ಅದ. ಖಾಲಿ ಬದಿಗೆ ಕತಿ ಬರದಾಳ ಹುಡುಗಿ."

"ನಿನ್ನೆ ಬೀರು ತೆಗೆದಾಗ ಯಾರಿದ್ರು?"

"ಫೋಟೊ ಕೊಡಾಕ ಆಕೀನ ಬಂದಿದ್ಲು. ಕೀಲಿ ಅದ್ರಾಗ ಬಿಟ್ಟು ಚಾ ತರಾಕ ಹೋಗಿದ್ನಿ." ಇರಣ್ಣ ಮಾತು ನಿಲ್ಲಿಸಿ ಮಂಜುಶ್ರೀಯವರ ಮುಖ ನೋಡಿದರು. "ಛೇ, ತನ್ನ ಕತಿ ತಾನ ಯಾರರ ಕದೀತಾರೇನ್ರಿ?"

ಸಂಜೆ 4.30. ಕತೆ ಬರೆದ ಸ್ಫೂರ್ತಿಯನ್ನು ಶಿಫ್ಟ್ ಮುಗಿದ ಮೇಲೆ ಠಾಣೆಗೆ ಕರೆಸಿದರು. ವಯಸ್ಸು 22, ಬಿಡಿಭಾಗಗಳ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವ ಕೆಲಸ. ಆಗಲೇ ನನ್ನನ್ನೂ ಕರೆದರು; ಅದಕ್ಕೆ ಮುಂಚಿನದು ಇರಣ್ಣ ಹೇಳಿ ತಿಳಿದದ್ದು.

"ಹಾಳೆ ಎಲ್ಲಿ?"

"ಯಾವ್ ಹಾಳೆ ಮೇಡಂ?"

"ಭಾನುವಾರ ಮುಖ್ಯ ಅತಿಥಿ ಯಾರು?"

"ನಮ್ ಓನರ್ರು."

"ಹಾಳೆ ತಿರುಗಿಸಿದ್ರೆ ಅವರಿಗೆ ಏನು ಕಾಣುತ್ತೆ?"

ಹುಡುಗಿ ಊಟದ ಬ್ಯಾಗಿನಿಂದ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ನಮ್ ಸೀನಿಯರ್ ಚನ್ನಕ್ಕನ ಸಹಿ. ಗಂಟೆಗೊಂದ್ಸಲ ಅಳೆದು ಬರೀಬೇಕು. ಎಲ್ರೂ ಬೆಳಿಗ್ಗೇನೆ ಶಿಫ್ಟಿನ ಎಂಟೂ ಗಂಟೆ ಅಳತೆ ತುಂಬಿಬಿಡ್ತಾರೆ. ಒಂದಿನ ಹನ್ನೊಂದಕ್ಕೇ ಮಿಷಿನ್ ಕೆಟ್ಟೋಯ್ತು. ಅವತ್ತಿನ ಹಾಳೆಗಳಲ್ಲೆಲ್ಲ ನಾಕ್ ಗಂಟೆವರೆಗೂ ಅಳತೆ ಇತ್ತು. ಅವನ್ನ ಬಿಸಾಕಿ ಬೇರೆ ಬರೆದ್ರು. ನಾನು ರದ್ದೀಲಿ ಎತ್ಕೊಂಡೆ, ಹಿಂದೆ ನೋಡ್ಲಿಲ್ಲ. ನಿನ್ನೆ ಬೀರು ಹತ್ರ ತಿರುಗಿಸಿದಾಗ್ಲೇ ಗೊತ್ತಾಗಿದ್ದು. ಓನರ್ ಕಣ್ಣಿಗೆ ಬಿದ್ರೆ ಅಕ್ಕನ ಕೆಲಸ ಹೋಗುತ್ತೆ. ನಂಗೆ ಅಳೆಯೋದು ಕಲಿಸಿದ್ದೇ ಅವ್ರು."

"ಕೇಳಿದ್ರೆ ಇರಣ್ಣ ಕೊಡ್ತಿದ್ರಲ್ಲಮ್ಮ."

"ಯಾಕೆ ಅಂತ ಕೇಳ್ತಿದ್ರು ಮೇಡಂ."

ಮಂಜುಶ್ರೀ ಹಾಳೆಗಳನ್ನು ಎಣಿಸಿದರು. 5.40ಕ್ಕೆ ಬಂಧನ ದಾಖಲಾಯಿತು. ಮರುದಿನ ಜಾಮೀನು ಸಿಕ್ಕಿತು. ಭಾನುವಾರ ಇರಣ್ಣ ಟೈಪ್ ಪ್ರತಿ ಓದಿ, "ಕದ್ದದ್ದು ಹಾಳಿ, ಕತಿ ಅಲ್ಲ," ಎಂದು ಆಕೆಗೇ ಬಹುಮಾನ ಕೊಟ್ಟರು. ಗಾಜಿನ ಪೆಟ್ಟಿಗೆ ಖಾಲಿಯಿತ್ತು.

ನಾನು ಸಹಿ ಹಾಕಿದ ಪಂಚನಾಮೆಯಲ್ಲಿ 'ಹಾಳೆ ಹದಿನಾಲ್ಕು. ಒಂದು ಬದಿ ಕತೆ, ಇನ್ನೊಂದು ಬದಿ ಮುದ್ರಿತ ನಮೂನೆ' ಎಂದಷ್ಟೇ ಇತ್ತು. ಒಂದೊಂದು ಗೀರನ್ನೂ ಬರೆಸುವ ಮಂಜುಶ್ರೀ ಅಂದು ಸಹಿಗಳನ್ನು ಮರೆತರೋ, ಬೇಕೆಂದೇ ಬಿಟ್ಟರೋ? ಚನ್ನಕ್ಕ ಈಗಲೂ ಅದೇ ಕೆಲಸದಲ್ಲಿದ್ದಾರೆ. ಅವರಿಗೆ ಇದೆಲ್ಲ ತಿಳಿದಿದೆಯೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.