ಶುಕ್ರವಾರದ ಓಪಲ್

ನನಗೆ ಎಪ್ಪತ್ತೆರಡು. ಕಣ್ಣು, ಮೂಗು ಎರಡೂ ಸರಿಯಾಗಿವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಕ್ಕ ಪಂಕಜಾಕ್ಷಿ ಸಾಯುವ ಮುಂಚೆ ತನ್ನ ಓಪಲ್ ಉಂಗುರವನ್ನು ನನ್ನ ಬೆರಳಿಗೆ ತೊಡಿಸಿ, “ಶುಕ್ರನ ಕಲ್ಲು ಕಣೇ. ಪ್ರತಿ ಶುಕ್ರವಾರ ಹಾಲಲ್ಲಿ ತೊಳಿ, ಮರೀಬೇಡ” ಎಂದಳು. ನಾನು ಕಾಫಿಗೇ ಹಾಲು ಹಾಕದವಳು. ಗಿರಿನಗರದ ನನ್ನ ಮನೆಗೆ ಹಾಲು ಬರುವುದೇ ಇಲ್ಲ. ಕಲ್ಲಿಗೆಂದು ತರಿಸುತ್ತೇನೆಯೇ?

ಮೊದಲ ಶುಕ್ರವಾರ ಬೆಳಿಗ್ಗೆ ಎದ್ದಾಗ ಕೈಯೆಲ್ಲ ತಣ್ಣಗಿತ್ತು, ಉಂಗುರ ಮಾತ್ರ ಬೆಚ್ಚಗೆ ಒದ್ದೆಯಾಗಿತ್ತು. ಮೂಸಿದರೆ ಕಾಯಿಸಿದ ಹಾಲಿನ ವಾಸನೆ. ಕಲ್ಲಿನೊಳಗಿನ ಕೆಂಪು, ಹಸಿರು ಮಿಂಚೆಲ್ಲ ಮಾಯ. ಮೂರು ವಾರ ಹೀಗೇ ಆಯಿತು.

ಜಯನಗರದಲ್ಲಿ ಹರಳಿನ ಅಂಗಡಿ ಇಟ್ಟಿರುವ ಚಕ್ರಪಾಣಿಗೆ ತೋರಿಸಿದೆ.

“ಮೇಡಂ, ಇದು ನೀರು ಕುಡಿಯೋ ಜಾತಿ. ನೆನೆದ್ರೆ ಬಣ್ಣ ಹೋಗತ್ತೆ, ಒಣಗಿದ್ರೆ ವಾಪಸ್ ಬರತ್ತೆ. ಹಾಲಲ್ಲಿ ಅದ್ದೋದು ನಿಲ್ಸಿ.”

“ಅದ್ದಿದ್ರೆ ತಾನೇ ನಿಲ್ಸೋದು!”

ಅಕ್ಕನ ಮಗ ವಿಶ್ರುತ್ ಹೆದರಿದ. “ಹೊಳೇಗೆ ಬಿಟ್ಬಿಡೋಣ, ಚಿಕ್ಕಮ್ಮ.”

“ಇಷ್ಟು ವರ್ಷದಲ್ಲಿ ನಿಮ್ಮಮ್ಮ ನಂಗೆ ಕೊಟ್ಟಿದ್ದು ಇದೊಂದೇ ಕಣೋ. ಅವಳೇ ಬಂದು ಕೇಳಿದ್ರೂ ಕೊಡಲ್ಲ.”

ಒದ್ದೆ ಫೋನನ್ನು ಒಣಗಿಸುವ ಹಾಗೆ, ಗುರುವಾರ ಉಂಗುರವನ್ನು ಅಕ್ಕಿ ಡಬ್ಬದಲ್ಲಿ ಹೂತು, ಮುಚ್ಚಳದ ಮೇಲೆ ರುಬ್ಬುಗುಂಡು ಹೇರಿದೆ. ಬೆಳಿಗ್ಗೆ ಗುಂಡು ಕದಲಿರಲಿಲ್ಲ. ಮುಚ್ಚಳ ತೆಗೆದೆ. ಮೇಲಿನ ಅಕ್ಕಿ ಗರಿಗರಿಯಾಗಿ ಒಣಗಿತ್ತು. ಉಂಗುರದ ಸುತ್ತಲಿನ ಒಂದು ಹಿಡಿ ಮಾತ್ರ ಬಿಸಿ ಹಾಲಲ್ಲಿ ನೆನೆದು ಉಬ್ಬಿತ್ತು.

ಉಂಗುರವನ್ನು ಸೆರಗಲ್ಲಿ ಒರೆಸಿ ಮತ್ತೆ ತೊಟ್ಟೆ. ಇವತ್ತಿಗೂ ನಾನು ಹಾಲು ತರಿಸುವುದಿಲ್ಲ.